ಸೊಮ್ರಾಂಗ್ ಠಾಣೆಯ ದುಭಾಷಿ

ನವಿ ಮುಂಬಯಿಯ ಘಣಸೋಲಿ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಮುರಾರಿ ರಾಯರ ತೊಡೆಯ ಮೂಳೆ ಮುರಿದದ್ದು 2012ರ ಆಗಸ್ಟಿನಲ್ಲಿ. ಆಗ ಅವರಿಗೆ ಎಪ್ಪತ್ತಾರು ವರ್ಷ. ರಾಡ್ ಹಾಕಿ ಮನೆಗೆ ಕಳಿಸಿದ ಡಾಕ್ಟರು, ವಾರಕ್ಕೆ ಮೂರು ಸಲ ಮನೆಗೇ ಬಂದು ವ್ಯಾಯಾಮ ಮಾಡಿಸಲು ಒಬ್ಬ ಫಿಸಿಯೋಥೆರಪಿಸ್ಟಳನ್ನು ಗೊತ್ತುಮಾಡಿಕೊಟ್ಟರು. ಇಪ್ಪತ್ತೈದರ ಹುಡುಗಿ, ಹೆಸರು ಲೇಕಿ. ಸೊಸೈಟಿಯ ವಾಚ್‌ಮನ್ ಮೊದಲ ದಿನ ಅವಳ ಹೆಸರಿನ ಮುಂದೆ ‘ನೇಪಾಳ’ ಎಂದು ಬರೆದುಕೊಂಡಿದ್ದ. ಅವಳು ತಿದ್ದಲು ಹೋಗಲಿಲ್ಲ.

ಮಗ ಮನೀಶ ಬೆಳಗಿನ ಐದರ ಟ್ರೇನಿಗೆ ಥಾಣೆ ಪಟ್ಟಣಕ್ಕೆ ಹೋದರೆ ಅಲ್ಲಿನ ನೌಪಾಡಾದ ಹೋಟೆಲ್ ಕೆಲಸದಿಂದ ಮರಳುವುದು ರಾತ್ರಿಯೇ. ಹೆಂಡತಿ ಶ್ರೀಮತಿ ತೀರಿಕೊಂಡು ಆರು ವರ್ಷವಾಗಿತ್ತು. ಹಗಲಿಡೀ ಮನೆಯಲ್ಲಿ ಮುರಾರಿಯವರ ಜೊತೆಗಿದ್ದವಳು ಸೊಸೆ ಪ್ರಿಯಂವದಾ.

ಮೂರನೆಯ ವಾರ ವ್ಯಾಯಾಮದ ನಡುವೆ ಲೇಕಿಗೆ ಊರಿಂದ ಫೋನ್ ಬಂತು. ಅವಳು ತನ್ನ ಭಾಷೆಯಲ್ಲಿ ಮಾತಾಡಿದಳು. ಆ ಭಾಷೆಯ ಹತ್ತು ಮಾತು ಕೂಡ ಮುರಾರಿಯವರಿಗೆ ಗೊತ್ತಿರಲಿಲ್ಲ. ಆದರೆ ಮಾತಿನ ಏರಿಳಿತ ಕಿವಿಗೆ ಬಿದ್ದದ್ದೇ ಎತ್ತಿದ ಕಾಲನ್ನು ಹಾಗೇ ಇಳಿಸಿಬಿಟ್ಟರು. ಅವಳು ಫೋನ್ ಇಟ್ಟ ಮೇಲೆ, ಐವತ್ತು ವರ್ಷಗಳಿಂದ ಬಾಯಿಗೆ ಬಾರದಿದ್ದ ಅಸ್ಸಾಮಿಯಲ್ಲಿ ಕೇಳಿದರು: “ಘೊರ್ ಕೋತ್?” ಮನೆ ಎಲ್ಲಿ?

ಲೇಕಿಗೆ ಆಶ್ಚರ್ಯ. ಹಿಂದಿಯಲ್ಲಿ ಉತ್ತರ ಕೊಟ್ಟಳು. “ದಿರಾಂಗ್ ಹತ್ತಿರ, ಅಂಕಲ್‌ಜಿ. ವೆಸ್ಟ್ ಕಾಮೆಂಗ್ ಜಿಲ್ಲೆ, ಅರುಣಾಚಲ. ನಿಮಗೆ ಹೇಗೆ ಅಸ್ಸಾಮಿ ಬರುತ್ತೆ?”

“ನಾಲ್ಕು ವರ್ಷ ಅಲ್ಲೇ ಇದ್ದೆ. ಆಗ ಅರುಣಾಚಲ ಅನ್ನುವ ಹೆಸರೇ ಇರಲಿಲ್ಲ. ನೇಫಾ, ಈಶಾನ್ಯ ಗಡಿ ಪ್ರದೇಶ ಅಂತಿದ್ದೆವು. ನಿಮ್ಮದು ಕಾಮೆಂಗ್ ಫ್ರಾಂಟಿಯರ್ ಡಿವಿಜನ್. ದಿಲ್ಲಿಯಲ್ಲಿ ನಮ್ಮನ್ನು ನೋಡಿಕೊಳ್ಳುತ್ತಿದ್ದದ್ದು ವಿದೇಶಾಂಗ ಖಾತೆ. ನಮ್ಮದೇ ದೇಶದೊಳಗೆ ಕೆಲಸ, ಆದರೆ ಒಳಗೆ ಹೋಗಲು ನನಗೂ ಪರವಾನಗಿ ಚೀಟಿ ಬೇಕಿತ್ತು.”

“ಯಾವ ಊರಲ್ಲಿದ್ದಿರಿ?”

“ಸೊಮ್ರಾಂಗ್ ಠಾಣೆ.”

“ನಮ್ಮ ಊರಿಂದ ಅರ್ಧ ದಿನದ ದಾರಿ. ಅಲ್ಲಿ ನಿಮಗೆ ಯಾರಾದರೂ ಗೊತ್ತಿದ್ದರಾ?”

ಮುರಾರಿ ಕಿಟಕಿಯ ಕಡೆ ನೋಡಿದರು. “ಇಲ್ಲಮ್ಮ. ಯಾರೂ ನೆನಪಿಲ್ಲ,” ಎಂದರು.

ಅದು ಸುಳ್ಳು. ಅಲ್ಲಿ ಅವರಿಗೆ ಗೊಂಬು ಗೊತ್ತಿದ್ದ.

ಉಡುಪಿಯಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ ಕೆಲಸ ಸಿಗದೆ ಕೂತಿದ್ದ ಮುರಾರಿ, ಪತ್ರಿಕೆಯ ಜಾಹೀರಾತು ನೋಡಿ ಅರ್ಜಿ ಹಾಕಿ, ಶಿಲಾಂಗಿನಲ್ಲಿ ಸಂದರ್ಶನ ಕೊಟ್ಟು, 1958ರಲ್ಲಿ ಸೊಮ್ರಾಂಗಿಗೆ ಗುಮಾಸ್ತರಾಗಿ ಹೋದವರು. ಹೇಸರಗತ್ತೆಗಳ ಹಿಂದೆ ಐದು ದಿನದ ನಡಿಗೆ. ಠಾಣೆಯೆಂದರೆ ತಗಡಿನ ಮಾಡಿನ ಎರಡು ಕೋಣೆ, ಒಂದು ಧ್ವಜಸ್ತಂಭ, ಒಂದು ವೈರ್‌ಲೆಸ್ ಸೆಟ್ಟು. ಊರವರ ಭಾಷೆ ಸರಕಾರಕ್ಕೆ ಬರುವುದಿಲ್ಲ, ಸರಕಾರದ ಭಾಷೆ ಊರವರಿಗೆ ಬರುವುದಿಲ್ಲ. ನಡುವೆ ನಿಂತವನು ಅಸ್ಸಾಮಿ ಬಲ್ಲ ದುಭಾಷಿ ಗೊಂಬು. ಮುರಾರಿಗಿಂತ ಐದು ವರ್ಷ ದೊಡ್ಡವನು. ಅವನ ಅಪ್ಪ ಬೆಟ್ಟದಾಚೆಯ ಟಿಬೆಟ್ಟಿನ ಅಧಿಕಾರಿಗಳಿಗೆ ಜೋಳ, ಬಾರ್ಲಿ ಹೊತ್ತು ತೆರಿಗೆ ಕೊಟ್ಟವನು. “ಈಗ ನಾವು ಯಾರಿಗೂ ಹೊರಬೇಕಿಲ್ಲ ಬಾಬು, ಸರಕಾರವೇ ನಮಗೆ ಉಪ್ಪು ಹೊತ್ತು ತರುತ್ತೆ,” ಎಂದು ನಗುತ್ತಿದ್ದ. ಮೊದಲ ಚಳಿಗಾಲ ಮುರಾರಿಗೆ ನ್ಯುಮೋನಿಯಾ ಆದಾಗ ಹದಿನೆಂಟು ದಿನ ತನ್ನ ಮನೆಯ ಒಲೆಯ ಪಕ್ಕದಲ್ಲಿ ಮಲಗಿಸಿ ಉಳಿಸಿದವನೂ ಅವನೇ. ಗಂಜಿ ಕುಡಿಸಿದವಳು ಅವನ ಹೆಂಡತಿ ಯೇಶಿ.

ಸೊಮ್ರಾಂಗಿನಲ್ಲಿ ಕೊನೆಯ ದಿನ ನಡೆದದ್ದನ್ನು ಮುರಾರಿ ಶ್ರೀಮತಿಗೂ ಹೇಳಿರಲಿಲ್ಲ. ಮನೆಯವರಿಗೆ ಗೊತ್ತಿದ್ದದ್ದು ಇಷ್ಟೇ: ಅರವತ್ತೆರಡರ ನವೆಂಬರಿನಲ್ಲಿ ಚೀನೀ ಸೈನ್ಯ ಕಣಿವೆಗೆ ಇಳಿದಾಗ, ಗುಮಾಸ್ತ ಮುರಾರಿ ಒಬ್ಬರೇ ನಿಂತು, ಸರಕಾರಕ್ಕೆ ದುಡಿದವರ ಹೆಸರು ಶತ್ರುವಿನ ಕೈಗೆ ಸಿಗದ ಹಾಗೆ ಎಲ್ಲ ರಿಜಿಸ್ಟರುಗಳನ್ನೂ ಸುಟ್ಟು ಬಂದರು. ಅದಕ್ಕೆ ಮೆಚ್ಚುಗೆಯ ಪತ್ರವೂ ಸಿಕ್ಕಿತು. ಅದರ ಬಲದಿಂದಲೇ ಮುಂಬಯಿಗೆ ವರ್ಗವಾಗಿ, ಮೊದಲು ಡೊಂಬಿವಲಿಯಲ್ಲಿ ಒಂದು ಕೋಣೆ ಹಿಡಿದು, ಸಂಸಾರ ಮಾಡಿ, ನಿವೃತ್ತರಾದರು.

ಅಕ್ಟೋಬರ್ ಬಂತು. ಯುದ್ಧಕ್ಕೆ ಐವತ್ತು ವರ್ಷವಾಯಿತೆಂದು ಟಿವಿಯಲ್ಲಿ ದಿನವೂ ಅದೇ ಮಾತು. ಒಂದು ದಿನ ಪ್ರಿಯಂವದಾ ಖುಷಿಯಿಂದ ಬಂದಳು.

“ಮಾವ, ಕನ್ನಡ ಸಂಘದವರು ಫೋನ್ ಮಾಡಿದ್ರು. ರಾಜ್ಯೋತ್ಸವದ ದಿನ ನಿಮಗೆ ಶಾಲು ಹೊದಿಸ್ತಾರಂತೆ. ಆ ರಿಜಿಸ್ಟರ್ ಸುಟ್ಟದ್ದನ್ನು ಎರಡು ಮಾತಲ್ಲಿ ಹೇಳ್ಬೇಕಂತೆ.”

“ಬೇಡ ಅಂತ ಹೇಳು.”

“ಎಂತಕ್ಕೆ? ನಡಿಲಿಕ್ಕೆ ಆಗುದಿಲ್ಲ ಅಂತಾದ್ರೆ ಅವರೇ ಗಾಡಿ ಕಳಿಸ್ತಾರೆ.”

“ಬೇಡ ಅಂದ್ರೆ ಬೇಡ ಮಾರಾಯ್ತಿ.”

ಮಾವ ಅಷ್ಟು ಗಡುಸಾಗಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಒಳಗೆ ಹೋದಳು.

ಮರುದಿನ ಲೇಕಿ ಬಂದಾಗ ಮುರಾರಿ ವ್ಯಾಯಾಮಕ್ಕೆ ಕಾಲು ಚಾಚಲಿಲ್ಲ. “ಒಂದು ಉಪಕಾರ ಮಾಡ್ತೀಯಾ? ಸೊಮ್ರಾಂಗಿನಲ್ಲಿ ಗೊಂಬು ಅಂತ ಒಬ್ಬ ದುಭಾಷಿ ಇದ್ದ. ಅವನಿಗೆ ಏನಾಯಿತು ಅಂತ ನಿಮ್ಮ ಮನೆಯವರ ಹತ್ತಿರ ಕೇಳು,” ಎಂದರು.

ನಾಲ್ಕು ದಿನ ಬಿಟ್ಟು ಅವಳು ವಿಷಯ ತಂದಳು. ತಾಯಿ ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸಿದಳು.

“ಅವರು ತೀರಿಕೊಂಡು ನಲವತ್ತು ವರ್ಷ ಆಯ್ತಂತೆ. ಹೆಂಡತಿ ಇದ್ದಾರೆ, ಒಬ್ಬ ಮಗ ಇದ್ದಾನೆ. ಅಂಕಲ್‌ಜಿ, ಅವರು ಒಳ್ಳೆಯ ಮನುಷ್ಯ ಅಲ್ಲವಂತೆ. ಯುದ್ಧದಲ್ಲಿ ಚೀನಾದವರ ಕಡೆ ಹೋಗಿದ್ದರಂತೆ. ಆಮೇಲೆ ನಮ್ಮ ಸರಕಾರ ಹಿಡಿದು ಏಳು ತಿಂಗಳು ಜೈಲಿಗೆ ಹಾಕಿತ್ತು. ಅವರ ಮನೆಗೆ ಹೆಣ್ಣು ಕೊಡಲು ಊರಲ್ಲಿ ಯಾರೂ ಒಪ್ಪಲಿಲ್ಲ. ಮಗನಿಗೆ ದೂರದಿಂದ ಹುಡುಗಿ ತಂದರಂತೆ.”

ಮುರಾರಿ ಎರಡೂ ಕೈಯಿಂದ ಮಂಚದ ಅಂಚು ಹಿಡಿದುಕೊಂಡರು. ಚಹಾ ತಂದ ಪ್ರಿಯಂವದಾ ಬಾಗಿಲಲ್ಲೇ ನಿಂತಳು.

“ಅವನು ಎಲ್ಲಿಗೂ ಹೋಗಿರಲಿಲ್ಲ,” ಎಂದರು ಮುರಾರಿ ಹಿಂದಿಯಲ್ಲಿ. “ರಿಜಿಸ್ಟರ್ ಸುಟ್ಟವನು ಅವನು.”

ಆಮೇಲೆ ಎಲ್ಲವನ್ನೂ ಹೇಳಿದರು. ಠಾಣೆಯ ಅಧಿಕಾರಿ ಸಾಹೇಬರು ಎರಡು ದಿನ ಮೊದಲೇ ಇಳಿದುಹೋಗಿದ್ದರು. ಕಾಗದಗಳನ್ನು ಸುಡುವುದು ಮುರಾರಿಯ ಜವಾಬ್ದಾರಿ. ಮಂಜಿಗೆ ಒದ್ದೆಯಾದ ದಪ್ಪ ದಪ್ಪ ರಿಜಿಸ್ಟರುಗಳು ಬೇಗ ಹೊತ್ತಿಕೊಳ್ಳಲಿಲ್ಲ. ಕೆಳಗೆ ಹೊಸದಾಗಿ ಕಡಿದ ರಸ್ತೆಯಲ್ಲಿ ಕೊನೆಯ ಟ್ರಕ್ಕು ಹೊರಟು ನಿಂತಿತ್ತು. ‘ಒಂದೊಂದೇ ಹಾಳೆ ಕಿತ್ತು ಹಾಕು. ನಾನು ಟ್ರಕ್ಕು ನಿಲ್ಲಿಸಿಕೊಂಡಿರುತ್ತೇನೆ’ ಎಂದು ಗೊಂಬುವಿಗೆ ಹೇಳಿ ಮುರಾರಿ ಓಡಿದರು. ಟ್ರಕ್ಕು ಹತ್ತಿ ಕೂತರು. ಡ್ರೈವರ್ ‘ಇನ್ನೂ ಯಾರಾದರೂ ಇದ್ದಾರಾ?’ ಎಂದು ಕೇಳಿದ. ಬೆಟ್ಟದಾಚೆಯಿಂದ ಗುಂಡಿನ ಸದ್ದು ಬರುತ್ತಿತ್ತು. ‘ಇಲ್ಲ’ ಎಂದರು.

“ಕೆಳಗೆ ಅಸ್ಸಾಮಿಗೆ ಬಂದ ಮೇಲೆ ತೇಜಪುರದಲ್ಲಿ ವಿಚಾರಣೆ ಆಯಿತು. ಕಾಗದ ಸುಟ್ಟದ್ದನ್ನು ಕಣ್ಣಾರೆ ನೋಡಿದೆಯಾ ಎಂದು ಕೇಳಿದರು. ಇಲ್ಲ ಅಂದರೆ ಕೆಲಸ ಹೋಗುತ್ತಿತ್ತು. ನಾನೇ ಸುಟ್ಟೆ ಅಂದೆ. ಹಾಗಾದರೆ ದುಭಾಷಿ ಎಲ್ಲಿ ಅಂತ ಕೇಳಿದರು. ಎರಡು ದಿನ ಮೊದಲೇ ಕಾಣೆಯಾದ ಅಂದೆ. ಬರೆದು ಸಹಿ ಮಾಡು ಅಂದರು. ಮಾಡಿದೆ.”

ಲೇಕಿ ತನ್ನ ಚೀಲ ಎತ್ತಿಕೊಂಡಳು. “ಇವತ್ತು ವ್ಯಾಯಾಮ ಬೇಡ,” ಎಂದಷ್ಟೇ ಹೇಳಿ ಹೊರಟುಹೋದಳು. ಪ್ರಿಯಂವದಾ ತಣ್ಣಗಾದ ಚಹಾವನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದಳು.

ಒಂದು ವಾರ ಲೇಕಿ ಬರಲಿಲ್ಲ. ಇನ್ನು ಬರುವುದೇ ಇಲ್ಲವೆಂದು ಮುರಾರಿ ಅಂದುಕೊಂಡಿದ್ದಾಗ, ಒಂದು ಬೆಳಿಗ್ಗೆ ಬಂದು ಎದುರಿನ ಕುರ್ಚಿಯಲ್ಲಿ ಕೂತಳು. “ಯೇಶಿ ಅಜ್ಜಿಯ ಮಗನ ನಂಬರ್ ಸಿಕ್ಕಿದೆ. ನನಗೆ ಹೇಳಿದ್ದನ್ನು ಅವರಿಗೆ ಹೇಳ್ತೀರಾ? ಅಜ್ಜಿಗೆ ಹಿಂದಿ ಬರಲ್ಲ. ನಾನು ಹೇಳ್ತಾ ಹೋಗ್ತೀನಿ.”

ಫೋನನ್ನು ಮಂಚದ ಮೇಲಿಟ್ಟು ಸ್ಪೀಕರ್ ಹಾಕಿದಳು. ಆಚೆಯಿಂದ ಮೊದಲು ಮಗ ಸಾಂಗೆಯ ದನಿ, ಆಮೇಲೆ ಮುದುಕಿಯ ಕೆಮ್ಮು. ಮುರಾರಿ ಒಂದೊಂದು ವಾಕ್ಯ ಹೇಳಿ ನಿಲ್ಲಿಸುತ್ತಿದ್ದರು. ಲೇಕಿ ಅದನ್ನು ತನ್ನ ಭಾಷೆಯಲ್ಲಿ ಹೇಳುತ್ತಿದ್ದಳು. ಎಲ್ಲ ಮುಗಿದ ಮೇಲೆ ಫೋನ್ ಕಟ್ಟಾಯಿತೋ ಎಂದು ಲೇಕಿ ಎತ್ತಿ ನೋಡಿದಳು. ಆಗ ಯೇಶಿ ಕೇಳಿದ ಮಾತನ್ನು ಲೇಕಿ ಮೆಲ್ಲಗೆ ಹಿಂದಿಗೆ ತಂದಳು.

“ಟ್ರಕ್ಕಿನಲ್ಲಿ ಜಾಗ ಇತ್ತಾ ಅಂತ ಕೇಳ್ತಿದ್ದಾರೆ.”

“ಇತ್ತು,” ಎಂದರು ಮುರಾರಿ.

ಮುದುಕಿ ಮತ್ತೆ ಮಾತಾಡಿದಳು. ನಿಧಾನವಾಗಿ, ನಡುನಡುವೆ ಉಸಿರು ತೆಗೆದುಕೊಳ್ಳುತ್ತ. ಗೊಂಬು ಆ ಸಂಜೆ ಮಸಿ ಮೆತ್ತಿದ ಕೈಯಲ್ಲಿ ಮನೆಗೆ ಬಂದ. ಹೆಂಡತಿಯನ್ನೂ ಮಗುವನ್ನೂ ಕರೆದುಕೊಂಡು ಕಾಡಿಗೆ ಹೋದ. ಚೀನಾದವರು ಹಿಂದಕ್ಕೆ ಹೋದ ಮೇಲೆ ಕೆಲಸಕ್ಕೆ ಹಾಜರಾಗಲು ತಾನಾಗಿ ಠಾಣೆಗೆ ನಡೆದು ಹೋದ. ಅಲ್ಲೇ ಅವನನ್ನು ಹಿಡಿದರು. ತಾನು ಸರಕಾರದ ನೌಕರ ಎಂದು ತೋರಿಸಲು ಅವನ ಹತ್ತಿರ ಏನೂ ಇರಲಿಲ್ಲ, ಅವನ ಹೆಸರಿದ್ದ ರಿಜಿಸ್ಟರನ್ನು ಅವನೇ ಸುಟ್ಟಿದ್ದ. ಬಾಬು ಬರುತ್ತಾನೆ, ಬಂದು ಹೇಳುತ್ತಾನೆ ಎನ್ನುತ್ತಿದ್ದ. ಜೈಲಿನಿಂದ ಬಂದ ಮೇಲೂ ಅದನ್ನೇ ಹೇಳುತ್ತಿದ್ದ. ಡಿವಿಜನ್ ಹೋಗಿ ಜಿಲ್ಲೆ ಬಂತು. ಅವನು ಹೊಸ ಸಾಹೇಬರ ಹತ್ತಿರ ಹೋದ. ಇದು ಹಳೆಯ ಕಚೇರಿಯ ವಿಷಯ ಎಂದು ಕಳಿಸಿದರು. ನೇಫಾ ಹೋಗಿ ಅರುಣಾಚಲ ಬಂತು. ಸಿಹಿ ಹಂಚಿದರು. ಆಗಲೂ ಹೋದ. ಆಗಲೂ ಅದೇ ಉತ್ತರ. ಮರುವರ್ಷ ಸತ್ತ.

ಕೊನೆಗೆ ಯೇಶಿ ಇನ್ನೊಂದು ಮಾತು ಹೇಳಿದಳು. ಲೇಕಿ ಅದನ್ನೂ ಹಿಂದಿಗೆ ತಂದಳು:

“ಊರವರೆಲ್ಲ ಹೇಳಿ ಹೇಳಿ, ಒಂದು ದಿನ ನಾನೂ ಗಂಡನನ್ನು ಕೇಳಿಬಿಟ್ಟೆ ಅಂತಾರೆ. ನಿಜ ಹೇಳು, ನೀನು ಚೀನಾದವರ ಕಡೆ ಹೋಗಿದ್ದೆಯಾ ಅಂತ. ಅವರು ಉತ್ತರ ಕೊಡಲಿಲ್ಲ. ಆವತ್ತಿಂದ ನನ್ನ ಹತ್ತಿರ ಆ ವಿಷಯ ಎತ್ತಲೇ ಇಲ್ಲ ಅಂತಾರೆ.”

ಮುರಾರಿ ಕೈ ಮುಗಿದರು. ಫೋನಿಗೆ ಅದು ಕಾಣುವುದಿಲ್ಲವೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಕ್ಷಮೆ ಕೇಳುವ ಮಾತು ಹಿಂದಿಯಲ್ಲೂ ಬರಲಿಲ್ಲ, ಅಸ್ಸಾಮಿಯಲ್ಲೂ ಬರಲಿಲ್ಲ. ಕೊನೆಗೆ ಸಾಂಗೆ ಫೋನ್ ತೆಗೆದುಕೊಂಡು, “ಇದನ್ನೆಲ್ಲ ಬರೆದು ಕೊಡಿ,” ಎಂದ.

ವಾಕರ್ ಹಿಡಿದು ಥಾಣೆ ಪಟ್ಟಣದ ಕೋರ್ಟಿಗೆ ಹೋಗಲು ಮುರಾರಿ ಹೊರಟ ದಿನ, ಪ್ರಿಯಂವದಾ ಕೇಳದೆಯೇ ಚಪ್ಪಲಿ ಮೆಟ್ಟಿಕೊಂಡಳು. “ನಾನು ಬರ್ತೇನೆ ಮಾವ. ನಿಮಗೆ ಒಬ್ಬರಿಗೆ ರಿಕ್ಷಾ ಹತ್ಲಿಕ್ಕೆ ಆಗುದಿಲ್ಲ.” ನೋಟರಿಯ ಮುಂದೆ ಅಫಿಡವಿಟ್ ಓದಿ ಹೇಳುವಾಗ ಅವಳು ಪಕ್ಕದಲ್ಲೇ ನಿಂತಿದ್ದಳು. ನೋಟರಿ ತಲೆಯೆತ್ತಿ, “ಆಜೋಬಾ, ಇಷ್ಟು ವರ್ಷದ ಮೇಲೆ ಯಾಕೆ ಮೈಮೇಲೆ ಎಳಕೊಳ್ತೀರಿ?” ಎಂದು ಮರಾಠಿಯಲ್ಲಿ ಕೇಳಿದ. ಮುರಾರಿ ಎಲ್ಲಿ ಸಹಿ ಮಾಡಬೇಕೆಂದು ಕೇಳಿದರು.

ಒಂದು ಪ್ರತಿ ಸೊಮ್ರಾಂಗಿಗೆ ಹೋಯಿತು, ಮೂರು ಪ್ರತಿ ಸರಕಾರದ ಮೂರು ಕಚೇರಿಗಳಿಗೆ. ಜನವರಿಯಲ್ಲಿ ಊರ ಹಿರಿಯರು ಸೇರಿದ ದಿನ ಅದನ್ನು ಹಿಂದಿಯಲ್ಲೊಮ್ಮೆ, ಅವರ ಭಾಷೆಯಲ್ಲೊಮ್ಮೆ ಓದಿದರು. ಯೇಶಿ ಮುಂದಿನ ಸಾಲಿನಲ್ಲಿ ಕೂತಿದ್ದಳಂತೆ. ಮಾರ್ಚಿನಲ್ಲಿ ಅವಳು ತೀರಿಕೊಂಡಳು. ಅದನ್ನು ತಿಳಿಸಲು ಸಾಂಗೆಯೇ ಫೋನ್ ಮಾಡಿದ. ದನಿಯಲ್ಲಿ ಒರಟುತನ ಇರಲಿಲ್ಲ.

“ಕಾಗದ ಮನೆಯಲ್ಲಿದೆ ಬಾಬು. ಈಗ ನಮ್ಮನ್ನು ಯಾರೂ ಏನೂ ಅನ್ನೋದಿಲ್ಲ. ಆದರೆ ಇದನ್ನು ಕೇಳಿಸಿಕೊಳ್ಳಲು ಅಪ್ಪ ಇರಲಿಲ್ಲವಲ್ಲ. ನೀವು ಮತ್ತೆ ಫೋನ್ ಮಾಡಬೇಡಿ.”

“ಆಗಲಿ,” ಎಂದರು ಮುರಾರಿ.

ಅವರು ಮತ್ತೆ ಫೋನ್ ಮಾಡಲಿಲ್ಲ. ಗೊಂಬುವಿನ ಮೇಲಿನ ಆರೋಪ ತೆಗೆದುಹಾಕಿ ಎಂದು ಕಚೇರಿಗಳಿಗೆ ಬರೆಯುವುದನ್ನು ಮಾತ್ರ ಬಿಡಲಿಲ್ಲ. ಹಳೆಯ ಡಿವಿಜನ್ ಒಡೆದು ಜಿಲ್ಲೆಗಳಾದಾಗ ಕಡತ ಎಲ್ಲಿಗೆ ಹೋಯಿತೋ ತಿಳಿಯದೆಂದು ಒಂದು ಕಚೇರಿ ಬರೆಯಿತು. ಆಗಿನದೆಲ್ಲ ಬೇರೆ ಖಾತೆಯ ಕೆಳಗಿತ್ತು, ಅಲ್ಲಿ ವಿಚಾರಿಸಿ ಎಂದಿತು ಇನ್ನೊಂದು. ಮೂರನೆಯದು ಸುಮ್ಮನಿತ್ತು. ಲೇಕಿ ಗುವಾಹಾಟಿಯ ಆಸ್ಪತ್ರೆಯೊಂದಕ್ಕೆ ಸೇರಿ ಹೋದಳು. ಪ್ರತಿ ಮೂರು ತಿಂಗಳಿಗೊಮ್ಮೆ ಮುರಾರಿ ಪತ್ರ ಬರೆದು ಕೊಡುತ್ತಿದ್ದರು, ಪ್ರಿಯಂವದಾ ರಿಜಿಸ್ಟರ್ಡ್ ಪೋಸ್ಟ್ ಮಾಡಿ ಬರುತ್ತಿದ್ದಳು. 2016ರ ಮಳೆಗಾಲದಲ್ಲಿ ಅವರು ಸತ್ತರು.

ಅವರ ತಿಂಗಳ ಕ್ರಿಯೆ ಮುಗಿದ ಮೇಲೆ ಮೂರನೆಯ ಕಚೇರಿಯಿಂದ ಒಂದು ಲಕೋಟೆ ಬಂತು. ವಿಷಯವನ್ನು ಪರಿಶೀಲಿಸಲು ಸದರಿ ದುಭಾಷಿಯ ತಂದೆಯ ಹೆಸರು ಹಾಗೂ ಆತ ನೇಮಕಗೊಂಡ ಸ್ಥಳದ ಈಗಿನ ಜಿಲ್ಲೆಯ ಹೆಸರು ಬೇಕು, ಲಗತ್ತಿಸಿದ ಅರ್ಜಿಯಲ್ಲಿ ತುಂಬಿ ಕಳಿಸಿ ಎಂದು ಅದರಲ್ಲಿತ್ತು.

ಮನೀಶ ಓದಿ ಮೇಜಿನ ಮೇಲಿಟ್ಟ. “ಅಪ್ಪನೇ ಇಲ್ಲ. ಇನ್ನು ಇದು ಎಂತಕ್ಕೆ?”

ಪ್ರಿಯಂವದಾ ಮೊಬೈಲಿನಲ್ಲಿ ಲೇಕಿಯ ನಂಬರ್ ಹುಡುಕಿ ಫೋನ್ ಮಾಡಿದಳು. ಲೇಕಿ ಊರಲ್ಲಿ ವಿಚಾರಿಸಿ ತಿಳಿಸಿದ ಗೊಂಬುವಿನ ಅಪ್ಪನ ಹೆಸರನ್ನು ಎರಡು ಸಲ ಹೇಳಿಸಿಕೊಂಡು, ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆದಿಟ್ಟುಕೊಂಡು, ಆಮೇಲೆ ಅರ್ಜಿಯನ್ನು ತುಂಬಿಸಲು ಕೂತಳು.