ಇಸ್ತ್ರಿ ಮನೆಗೆ ಬಂದ ಪಗ್ ನಾಯಿ

ಬೇಸಿಗೆ ಬಂತೆಂದರೆ ಒಳಗೆ ಕೂರಲಾಗದು, ಹೊರಗೆ ನಿಲ್ಲಲಾಗದು. ಇನ್ನು ಮನೆಯ ಮುಂದಿನ ಕೋಣೆಯಲ್ಲೇ ಇಸ್ತ್ರಿ ಅಂಗಡಿ ಇಟ್ಟುಕೊಂಡವರ ಪಾಡು ಕೇಳಬೇಕೇ? ನಮ್ಮ ಇಸ್ತ್ರಿಯಣ್ಣನ ಮನೆ ಅಂಥದ್ದು. ಮುಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಕಾದ ಇಸ್ತ್ರಿ ಪೆಟ್ಟಿಗೆ, ಎತ್ತ ನೋಡಿದರೂ ಬಟ್ಟೆಯ ಗಂಟು. ಗಂಡ, ಹೆಂಡತಿ, ಮಗಳ ಸಂಸಾರವೆಲ್ಲ ಅದರ ಹಿಂದಿನ ಕೋಣೆಯಲ್ಲಿ.

ಆ ಮನೆಗೆ ಮಗಳ ಹಟಕ್ಕೆ ಒಂದು ಪಗ್ ಮರಿ ಬಂತು. ಇಸ್ತ್ರಿಯಣ್ಣ ಮೂಗು ಮುರಿದ.

"ಇದೇನೇ ಇದು, ಓಡೋಗಿ ಗೋಡೆಗೆ ಮುಖ ಗುದ್ದಿಕೊಂಡು ಬಂದಂಗಿದೆ! ಹಣೆ ತುಂಬಾ ಸುಕ್ಕು. ನನ್ನ ಇಸ್ತ್ರಿ ಪೆಟ್ಟಿಗೆಗೂ ಹೋಗೋ ಸುಕ್ಕಲ್ಲ ಇದು."

ಅಂದಿನಿಂದ ಮರಿಯ ಹೆಸರೇ ಸುಕ್ಕ ಎಂದಾಯಿತು. ಆದರೆ ವಾರ ಕಳೆಯುವುದರೊಳಗೆ ಸುಕ್ಕ ಇಸ್ತ್ರಿಯಣ್ಣನನ್ನು ಬುಟ್ಟಿಗೆ ಹಾಕಿಕೊಂಡ. ಗಿರಾಕಿ ಬಂದರೆ ಸುರುಳಿ ಬಾಲ ಅಲ್ಲಾಡಿಸುತ್ತಾ ಎದುರಿಗೆ ಹೋಗಿ ಕೂರುತ್ತಿದ್ದ. ಅಮ್ಮ ಸೊಂಟದಿಂದ ಇಳಿಸಿದಳೆಂದು ಮಗು ಅತ್ತರೆ ಅದರ ಪಾದದ ಮೇಲೆ ತಲೆಯಿಡುತ್ತಿದ್ದ. ಬೈಯಲೆಂದು ಬಂದ ಗಿರಾಕಿಯೂ ಆ ದುಂಡು ಕಣ್ಣು ನೋಡಿ ಬಂದ ಕೆಲಸ ಮರೆಯುತ್ತಿದ್ದ. ಅಂಥ ನಾಯಿಯನ್ನು ಮೆಚ್ಚದಿರಲು ಕಲ್ಲು ಮನಸ್ಸೇ ಬೇಕು.

ಇಸ್ತ್ರಿಯಣ್ಣನಿಗೆ ಪ್ರೀತಿ ಉಕ್ಕಿದರೆ ಅದನ್ನು ತೋರಿಸುವ ದಾರಿ ಒಂದೇ: ಆಗತಾನೇ ಇಸ್ತ್ರಿ ಮಾಡಿದ ಬಟ್ಟೆಯನ್ನು ಬೆಚ್ಚಗೆ ಹೊದಿಸುವುದು. ಮಗಳು ಕೂಸಾಗಿದ್ದಾಗ ಅವಳಿಗೂ ಹಾಗೇ ಮಾಡಿದ್ದ. ಈಗ ಸುಕ್ಕನಿಗೆ ಮೇಜಿನ ಕೆಳಗೆ ಹಾಸಿಗೆ, ಮೇಲೊಂದು ಬಿಸಿ ಟವೆಲ್.

"ನೋಡಿ ನರ್ಸಕ್ಕ, ಎಷ್ಟು ಸುಖವಾಗಿ ಗೊರಕೆ ಹೊಡೀತಾನೆ!" ಎಂದು ಒಂದು ದಿನ ಹೆಮ್ಮೆಪಟ್ಟ. ಎದುರು ಮನೆಯ ನರ್ಸಕ್ಕ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ತನ್ನ ಬಿಳಿ ಕೋಟು ಇಸ್ತ್ರಿಗೆ ಕೊಡಲು ಬಂದಿದ್ದಳು.

ಅವಳು ಬಗ್ಗಿ ನೋಡಿ ಟವೆಲ್ ಕಿತ್ತು ತೆಗೆದಳು. "ಇದು ಸುಖದ ಗೊರಕೆ ಅಲ್ಲಣ್ಣಾ. ಮೂಗು ಚಪ್ಪಟೆ, ಉಸಿರಿನ ದಾರಿ ಇಕ್ಕಟ್ಟು. ನಾಯಿಗಳು ನಮ್ಮ ಹಾಗೆ ಮೈಯೆಲ್ಲಾ ಬೆವರಲ್ಲ, ಏದುಸಿರು ಬಿಟ್ಟೇ ತಣ್ಣಗಾಗಬೇಕು. ಪಗ್‌ಗೆ ಅದೇ ಕಷ್ಟ. ಈ ಸೆಕೆಯಿಂದ ದೂರ ಇಡಿ."

"ಅಯ್ಯೋ ಬಿಡಿ, ಇಷ್ಟು ವರ್ಷ ಇದೇ ಸೆಕೇಲಿ ನಾವು ಬದುಕಿಲ್ವಾ?"

"ನಿಮಗೆ ಉದ್ದ ಮೂಗಿದೆ!"

ಇಸ್ತ್ರಿಯಣ್ಣ ನಕ್ಕು ಕೆಲಸಕ್ಕೆ ತಿರುಗಿದ. ಮಾತು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ; ಬಿಸಿ ಟವೆಲ್ ಮತ್ತೆ ಸುಕ್ಕನ ಮೈಮೇಲೇರಿತು.

ಎರಡೇ ದಿನ. ಮಧ್ಯಾಹ್ನ ಮೇಜಿನ ಕೆಳಗಿಂದ ಗರಗಸ ಎಳೆದಂಥ ಸದ್ದು. ಸುಕ್ಕನ ನಾಲಿಗೆ ನೀಲಿಗಟ್ಟಿತ್ತು, ಬಾಯಲ್ಲಿ ನೊರೆ, ಏಳಲು ಹೋದರೆ ಕಾಲು ನಿಲ್ಲುತ್ತಿಲ್ಲ. ಮಗಳ ಕೂಗು ಕೇಳಿ ನರ್ಸಕ್ಕ ಓಡಿ ಬಂದಳು.

"ಐಸ್ ತರ್ಲಾ?" ಎಂದ ಇಸ್ತ್ರಿಯಣ್ಣ.

"ಐಸ್ ಬೇಡ, ಮಾಮೂಲಿ ನೀರು ಮೈಗೆ ಸುರೀರಿ. ಬಾಯೊಳಗೆ ಹುಯ್ಯಬೇಡಿ. ಗಾಳಿ ಬೀಸ್ತಾ ಇರಿ. ಗಾಡಿ ಕರೀರಿ, ಬೇಗ!"

ಗಾಡಿಯಲ್ಲಿ ತೊಯ್ದ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಇಸ್ತ್ರಿಯಣ್ಣ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದ. "ನಾನೇ ಹೊದಿಸಿದ್ದು. ನಾನೇ." ಅಷ್ಟು ದೊಡ್ಡ ಗಂಡಸು ಬಿಕ್ಕಿ ಬಿಕ್ಕಿ ಅತ್ತ.

ಸುಕ್ಕ ಉಳಿದುಕೊಂಡ. ಡಾಕ್ಟರು ಮಾತ್ರ ಖಡಾಖಂಡಿತವಾಗಿ ಹೇಳಿದರು, "ಆ ಮೇಜಿನ ಪಕ್ಕ ಇಟ್ಟರೆ ಇನ್ನೊಂದು ಸಲ ಉಳಿಯೋದು ಕಷ್ಟ."

ಮನೆಗೆ ಬಂದ ಮೇಲೆ ಹೆಂಡತಿ ಮೆಲ್ಲನೆ ಅಂದಳು, "ತಂಪಾದ ಮನೆ ಇರೋರಿಗೆ ಕೊಟ್ಟುಬಿಡೋಣ ಕಣ್ರೀ. ಎಲ್ಲಾದ್ರೂ ಬದುಕಿರಲಿ." ಮಗಳು ಸುಕ್ಕನನ್ನು ತಬ್ಬಿಕೊಂಡು ಗೋಡೆಯತ್ತ ತಿರುಗಿ ಕೂತಳು. ಇಸ್ತ್ರಿಯಣ್ಣ ಎದ್ದು ಮುಂದಿನ ಕೋಣೆಗೆ ಹೋದ.

ಮರುದಿನ ಬೆಳಿಗ್ಗೆ ಧಡಧಡ ಸದ್ದಿಗೆ ತಾಯಿ ಮಗಳು ಎದ್ದು ಬಂದರು. ಮನೆಯ ಪಕ್ಕದ ನೆರಳಿಗೆ ಚಪ್ಪರ ಕಟ್ಟಿ, ಇಸ್ತ್ರಿಯಣ್ಣ ಮೇಜನ್ನು ಒಬ್ಬನೇ ಹೊರಗೆ ಎಳೆಯುತ್ತಿದ್ದ.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ಈ ಮೇಜು ಆಚೆ ಹಾಕಿ, ಸೆಕೆ ತಡೆಯೋಕಾಗಲ್ಲ ಅಂತ ಮದುವೆಯಾದಾಗಿಂದ ಬಡ್ಕೊಂಡೆ. ನನ್ನ ಬಾಯಿಗೆ ಇಲ್ಲದ ಬೆಲೆ ಇವನ ಮೂಗಿಗೆ ಬಂತಾ?"

"ತಪ್ಪಾಯ್ತು ಕಣೇ. ಆ ಕಡೆ ಹಿಡ್ಕೋ."

ಈಗ ಸುಕ್ಕನದು ರಾಜಯೋಗ. ಬಿಸಿಲೇರುವ ಮೊದಲು ಒಂದು ನಡಿಗೆ, ಹೊತ್ತು ಮುಳುಗಿದ ಮೇಲೆ ಇನ್ನೊಂದು. ಕುತ್ತಿಗೆಗೆ ಬಿಗಿಯುವ ಪಟ್ಟಿ ಹೋಗಿ ಎದೆಗೆ ಹಾಕುವ ಪಟ್ಟಿ ಬಂದಿದೆ. ಮುಖದ ಸುಕ್ಕಿನ ಸಂದುಗಳನ್ನು ಮಗಳು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆ ಒತ್ತುತ್ತಾಳೆ. ತೇವ ಉಳಿದರೆ ಹುಣ್ಣಾಗುತ್ತದೆ. ಊಟ ಅಳತೆಯದು. ಸುಕ್ಕ ಎಷ್ಟೇ ನಾಟಕವಾಡಿದರೂ ಎರಡನೇ ಸಲ ಬಡಿಸುವುದಿಲ್ಲ, ಏಕೆಂದರೆ ಮೈ ಬಂದಷ್ಟೂ ಉಸಿರು ಕಷ್ಟ.

"ನಮಗೂ ಇಂಥದ್ದೊಂದು ಬೇಕಲ್ಲಣ್ಣಾ" ಎಂದ ಗಿರಾಕಿಗೆ ಇಸ್ತ್ರಿಯಣ್ಣನೇ ಪಾಠ ಹೇಳುತ್ತಾನೆ. "ಮುದ್ದು ಮುಖಕ್ಕೆ ಮರುಳಾಗ್ಬೇಡಿ. ಮೂಗಿನ ಹೊಳ್ಳೆ ಅಗಲ ಇದೆಯಾ ನೋಡಿ. ಸ್ವಲ್ಪ ಆಡಿಸಿ, ಉಸಿರು ಕೇಳಿ. ತಾಯಿ ನಾಯಿ ತೋರ್ಸಲ್ಲ ಅಂದ್ರೆ ಎದ್ದು ಬನ್ನಿ. ಡಾಕ್ಟರ್ ಹತ್ರ ತೋರ್ಸದೆ ಮನೆಗೆ ತರಬೇಡಿ."

ಓದುಗರೇ, ಪಗ್‌ನಂಥ ಒಳ್ಳೆಯ ಸಂಗಾತಿ ಸಿಗುವುದು ಅಪರೂಪ. ಮಕ್ಕಳಿಗೆ ಮಕ್ಕಳಾಗಿ, ಹಿರಿಯರಿಗೆ ಜೊತೆಯಾಗಿ ಇದ್ದುಬಿಡುತ್ತದೆ. ಆದರೆ ಸೆಕೆಯಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಲು ಅದಕ್ಕೆ ಬಾರದು. ನಿಮ್ಮ ಮನೆಯಲ್ಲಿ ಅದಕ್ಕೊಂದು ತಂಪಾದ ಮೂಲೆ ಇದೆಯೇ, ನೋಡಿಕೊಳ್ಳಲು ಬಿಡುವು ಇದೆಯೇ? ಇದ್ದರೆ ಸಂತೋಷವಾಗಿ ತನ್ನಿ. ಇಲ್ಲದಿದ್ದರೆ ತರಬೇಡಿ, ಅದೂ ಪ್ರೀತಿಯೇ.