ಗಿಡಕ್ಕೆ ಬಂದ ವಿಭೂತಿ

ಹಿತ್ತಾಳೆಯ ತಂಬಿಗೆಯೊಂದು ಗೋಡೆಯಾಚೆ ಮೇಲೇರಿ, ಬಾಗಿ, ಗಿಡದ ನೆತ್ತಿಯ ಮೇಲೆ ನೀರು ಸುರಿಯುತ್ತಿದ್ದುದು ಇಂದಿಗೂ ನನ್ನ ಕಣ್ಣಲ್ಲಿದೆ. ತಂಬಿಗೆ ಹಿಡಿದ ಮಹಾನುಭಾವರು ನೆರೆಮನೆಯ ವೃಷಭೇಂದ್ರಯ್ಯ. ದೀಪ ಹಚ್ಚುವ ಹೊತ್ತಿಗೆ ವರ್ಬೀನಾ ಗಿಡಕ್ಕೆ ಅಭಿಷೇಕ! ದೇವರ ಮುಡಿಗೂ ಏರದ, ಹೆಣ್ಣಿನ ಜಡೆಗೂ ಸಲ್ಲದ ಆ ಹೂವಿಗೆ ಇಷ್ಟು ವೈಭವ ಬೇಕಿತ್ತೇ?

ನಾನಾದರೋ ವರ್ಬೀನಾ ಬೆಳೆಸಬಲ್ಲವನು. ಅದಕ್ಕೆ ದಿನವಿಡೀ ಬಿಸಿಲು ಬೇಕು, ಗಿಡಗಳ ನಡುವೆ ಗಾಳಿಯಾಡಬೇಕು, ನೀರು ಬೆಳಿಗ್ಗೆ ಬುಡಕ್ಕಷ್ಟೇ. ಕುಡಿ ಚಿವುಟಿದರೆ ಕವಲೊಡೆಯುತ್ತದೆ, ಬಾಡಿದ ಗೊಂಚಲು ಕತ್ತರಿಸಿದರೆ ಮತ್ತೆ ಹೂ ಬಿಡುತ್ತದೆ. ಊರಿನ ಪುಷ್ಪಪ್ರದರ್ಶನದ ಬೆಳ್ಳಿ ಬಟ್ಟಲು ಎರಡು ವರ್ಷ ನನಗೇ ಬಂದಿತ್ತು. ಮೂರನೆಯ ಸಲವೂ ಗೆದ್ದರೆ ಅದು ಶಾಶ್ವತವಾಗಿ ನನ್ನದು. ಅದನ್ನಿಡಲು ಗೋಡೆಯ ಗೂಡೊಂದನ್ನು ಆಗಲೇ ಒರೆಸಿಟ್ಟಿದ್ದೆ.

ನನ್ನಿಂದಲೇ ಸಸಿ ಒಯ್ದ ವೃಷಭೇಂದ್ರಯ್ಯ ಕುಂಡಗಳನ್ನು ಬಿಲ್ವದ ನೆರಳಲ್ಲಿ ಒತ್ತೊತ್ತಾಗಿ ಕೂರಿಸಿದರು. "ಕುಡಿ ಚಿವುಟಿ ಸ್ವಾಮಿ" ಎಂದರೆ ಕೆನ್ನೆ ಬಡಿದುಕೊಂಡರು. "ಶಿವ ಶಿವಾ! ಪೂಜೆ ಮಾಡೋ ಗಿಡಕ್ಕೆ ಉಗುರು ತಾಗಿಸ್ತಾರೇನ್ರೀ?"

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅಂದಿನಿಂದ ನಾನು ಬಾಯಿ ಬಿಡಲಿಲ್ಲ.

ತಿಂಗಳೊಳಗೆ ಅವರ ಗಿಡಗಳಿಗೆ ಬೂದಿರೋಗ ಬಂತು. ಎಲೆಯ ಮೇಲೆ ಹಿಟ್ಟು ಚೆಲ್ಲಿದಂಥ ಬಿಳಿ ಬೂಷ್ಟು, ಅಷ್ಟೇ. ಈ ಪುಣ್ಯಾತ್ಮರು ಬೀದಿಗೆಲ್ಲ ಕೇಳುವಂತೆ ಕೂಗಿದರು: "ಬನ್ರಪ್ಪಾ, ಗಿಡದ ಮೇಲೆ ವಿಭೂತಿ ಉದುರಿದೆ!" ಜನ ಬಂದರು, ಕೈಮುಗಿದರು, ಬೆರಳಲ್ಲಿ ಒರೆಸಿ ಹಣೆಗೆ ಹಚ್ಚಿಕೊಂಡರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಅದು ರೋಗ ಅಂತ ಒಂದು ಮಾತು ಹೇಳಬಾರದೇನ್ರೀ? ಆ ಎಲೆ ಕಿತ್ತು ಸುಟ್ಟರೆ ಮುಗೀತಲ್ಲ" ಎಂದಳು ನನ್ನ ಹೆಂಡತಿ ಕಾತ್ಯಾಯಿನಿ.

"ಆ ಹೆಡ್ಡನಿಗಾ? ಹಚ್ಕೊಳ್ಳಲಿ ಬಿಡು, ನೋಡೋಕೆ ಚೆನ್ನಾಗಿದೆ."

ಗಾಳಿಗೆ ಗೋಡೆಯ ಹಂಗೆಲ್ಲಿ? ಪ್ರದರ್ಶನಕ್ಕೆ ವಾರವಿರುವಾಗ ನನ್ನ ಪಾತಿಯಲ್ಲೂ ಬಿಳಿ ಚುಕ್ಕೆ ಕಂಡಿತು. ಎಲೆ ಕಿತ್ತೆ, ಒರೆಸಿದೆ, ಹಲ್ಲು ಕಡಿದೆ. ಆಗಲೇ ಹೊತ್ತು ಮೀರಿತ್ತು. ತೀರ್ಪುಗಾರರು ತೋಟ ನೋಡಲು ಬಂದ ದಿನ ಪಾತಿಗೆ ಪಾತಿಯೇ ಬೆಳ್ಳಗಾಗಿತ್ತು. ಅವರ ಹಿಂದೆಯೇ ಬೀದಿಯ ಜನರೊಡನೆ ತಂಬಿಗೆ ಹಿಡಿದು ಬಂದ ವೃಷಭೇಂದ್ರಯ್ಯನವರ ಕಣ್ಣಲ್ಲಿ ನೀರು.

"ನೀವು ನಂಬೋರಲ್ಲ ಅಂತಿದ್ದೆ ಸ್ವಾಮಿ. ಆದ್ರೂ ಶಿವ ನಿಮ್ಮನ್ನ ಬಿಡಲಿಲ್ಲ ನೋಡಿ!" ಎನ್ನುತ್ತ ಎಲೆಯ ಬೂಷ್ಟನ್ನು ಮೂರು ಬೆರಳಲ್ಲಿ ಒರೆಸಿ ನನ್ನ ಹಣೆಗೆ ಎಳೆದೇಬಿಟ್ಟರು.

ರೋಗವೆನ್ನಲು ಬಾಯಿ ತೆರೆದೆ. ಕಾತ್ಯಾಯಿನಿ ನನ್ನನ್ನೇ ನೋಡುತ್ತಿದ್ದಳು. ರೋಗವೆಂದರೆ, ತಿಂಗಳಿಂದ ತಿಳಿದೂ ಸುಮ್ಮನಿದ್ದೆನೆಂದು ಇಡೀ ಬೀದಿಯ ಮುಂದೆ ಒಪ್ಪಿಕೊಂಡಂತೆ. ತೀರ್ಪುಗಾರರು ಎಲೆಯೊಂದನ್ನು ಮಗುಚಿ ನೋಡಿ, ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೀಟೆಳೆದು ಮುಂದಿನ ಮನೆಗೆ ನಡೆದರು.

ಹಣೆಯ ಮೇಲೆ ಬೂಷ್ಟು ಹೊತ್ತು ನಾನು ಕೈಮುಗಿದೆ. ವೃಷಭೇಂದ್ರಯ್ಯ ತಂಬಿಗೆಯೆತ್ತಿ, ಬಾಗಿಸಿ, ನನ್ನ ವರ್ಬೀನಾದ ನೆತ್ತಿಯ ಮೇಲೆ ನೀರು ಸುರಿದರು.