ಏಣಿ ಮನೆ

ನಮ್ಮ ಹಳೆಯ ಬೀದಿಯ ಬಗ್ಗೆ ಯಾರಾದರೂ ಕಣ್ಣು ತುಂಬಿಕೊಂಡು ಮಾತಾಡಿದರೆ ನನಗೆ ಮೈಯುರಿಯುತ್ತದೆ. ಕಿರಿದಾದ ಬೀದಿ, ಒಂದಕ್ಕೊಂದು ಅಂಟಿಕೊಂಡ ಮನೆಗಳು, ಒಬ್ಬರ ಮನೆಯ ಕೆಮ್ಮು ಇನ್ನೊಬ್ಬರ ಮನೆಯಲ್ಲಿ ಕೇಳುತ್ತಿತ್ತು. ಇದನ್ನೇ ಈಗ ಪ್ರೀತಿ, ವಿಶ್ವಾಸ ಎಂದೆಲ್ಲ ಕರೆಯುತ್ತಾರೆ. ಅಷ್ಟು ಹತ್ತಿರ ಇದ್ದದ್ದರಿಂದ ದ್ವೇಷ ಸಾಧಿಸುವುದು ಸುಲಭವಾಗಿತ್ತು, ಅಷ್ಟೇ. ಅದಕ್ಕಾಗಿ ಯಾರೂ ದೂರ ನಡೆಯಬೇಕಾಗಿರಲಿಲ್ಲ.

ಮನೆ ತಾತ ಕಟ್ಟಿಸಿದ್ದು. ಕೆಳಗೊಂದು ಹಜಾರ, ಎರಡು ಕೋಣೆ, ಹಿಂದೆ ಅಡುಗೆಮನೆ. ಮೇಲೂ ಹಾಗೇ, ಜೊತೆಗೆ ಬೀದಿಯ ಕಡೆ ಚಾಚಿಕೊಂಡ ಒಂದು ಬಾಲ್ಕನಿ. ತಾತ ಸಾಯುವ ಮುಂಚೆ ಬಾಯಿಮಾತಿನಲ್ಲೇ ಪಾಲು ಮಾಡಿದ. ಕೆಳಗಿನದು ದೊಡ್ಡ ಮಗನಿಗೆ, ಮೇಲಿನದು ಚಿಕ್ಕವನಿಗೆ. ಮೇಲಿನ ಮನೆಗೆ ಹತ್ತುವ ಮೆಟ್ಟಿಲು ಕೆಳಗಿನ ಹಜಾರದ ಒಳಗಿಂದಲೇ ಹೋಗುತ್ತದೆ ಎನ್ನುವುದು ಅವನ ತಲೆಗೆ ಹೊಳೆಯಲಿಲ್ಲವೋ, ಅಣ್ಣ ತಮ್ಮಂದಿರಲ್ಲಿ ಏನು ಎಂದು ಸುಮ್ಮನಾದನೋ, ಕೇಳೋಣವೆಂದರೆ ಅವನಿಲ್ಲ.

ದೊಡ್ಡಪ್ಪ ಹಜಾರದಲ್ಲಿ ಅಚ್ಚಿನ ಪ್ರೆಸ್ ಇಟ್ಟಿದ್ದ. ಅಪ್ಪ ಮೇಲೆ ಬಟ್ಟೆ ಹೊಲಿಯುತ್ತಿದ್ದ. ಇಬ್ಬರಿಗೂ ಏಕವಚನ ಬಳಸುತ್ತಿದ್ದೇನೆ. ಅಪ್ಪನಿಗೆ ಸಲುಗೆಯಿಂದ, ದೊಡ್ಡಪ್ಪನಿಗೆ ಬೇರೆ ಕಾರಣದಿಂದ. ಅಜ್ಜಿ ನಮ್ಮ ಜೊತೆ ಮೇಲೆ ಇದ್ದಳು. ದೊಡ್ಡ ಸೊಸೆಗೂ ಅವಳಿಗೂ ಆಗಿಬರುತ್ತಿರಲಿಲ್ಲ.

ಜಗಳ ಹುಟ್ಟಿದ್ದು ಒಂದು ಜೊತೆ ಬೂಟಿನಿಂದ. ದೊಡ್ಡಪ್ಪ ಆಗಷ್ಟೇ ಅಚ್ಚಾದ ಹಾಳೆಗಳನ್ನು ಹಜಾರದ ನೆಲದ ತುಂಬ ಒಣಗಲು ಹರಡಿದ್ದ. ಅಪ್ಪನ ಹತ್ತಿರ ಪ್ಯಾಂಟಿನ ಅಳತೆ ಕೊಡಲು ಬಂದ ಗಿರಾಕಿಯೊಬ್ಬ ಕೆಸರು ಬೂಟಿನಲ್ಲೇ ಅದರ ಮೇಲೆ ನಡೆದು ಮೆಟ್ಟಿಲು ಹತ್ತಿದ. ದೊಡ್ಡಮ್ಮ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು.

"ನಿಮ್ಮ ಗಿರಾಕಿಗಳು ಕಾಲು ಒರೆಸ್ಕೊಳ್ಳಲಿ ಅಂತ ನಾವು ಮನೆ ಕಟ್ಟಿಸ್ಕೊಂಡು ಕೂತಿದ್ದೀವಾ?"

ಅಮ್ಮ ಸಾಮಾನ್ಯವಾಗಿ ಎದುರು ಮಾತಾಡುವವಳಲ್ಲ. ಅವತ್ತು ಅದೇನು ಬಂತೋ. "ನೀವು ಎಲ್ಲಿ ಕಟ್ಟಿಸಿದ್ರಿ ಅಕ್ಕ? ಮಾವ ಅಲ್ವಾ ಕಟ್ಟಿಸಿದ್ದು" ಎಂದುಬಿಟ್ಟಳು.

ಆ ಒಂದು ಮಾತು ಸಾಕಾಯಿತು. ಅವತ್ತಿನಿಂದ ಹಜಾರದ ಬಾಗಿಲು ಅವರಿಗೆ ಮನಸ್ಸು ಬಂದಾಗ ತೆರೆಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಶಾಲೆಯಿಂದ ಬಂದು ನಾನು ಬಾಗಿಲು ಬಡಿಯುತ್ತ ನಿಂತಿರುತ್ತಿದ್ದೆ. ದೊಡ್ಡಪ್ಪನ ಮಗಳು, ನನಗಿಂತ ಸ್ವಲ್ಪ ದೊಡ್ಡವಳು, ನಾನು ಅಕ್ಕ ಎಂದು ಕರೆಯುತ್ತಿದ್ದವಳು, ಕಿಟಕಿಯ ಸರಳಿನ ಹಿಂದೆ ಕೂತು ನನ್ನನ್ನೇ ನೋಡುತ್ತ ಬಿಸ್ಕತ್ತು ತಿನ್ನುತ್ತಿದ್ದಳು.

ಕೆಲವು ತಿಂಗಳಾದ ಮೇಲೆ ನಾವು ಅಮ್ಮನ ತವರಿಗೆ ಹೋಗಿದ್ದೆವು. ಅಜ್ಜಿ ಒಬ್ಬಳೇ ಮೇಲೆ ಉಳಿದಿದ್ದಳು. ವಾಪಸು ಬಂದಾಗ ಬೀದಿಯ ತುಂಬ ಜನ. ಅಜ್ಜಿ ಬಾಲ್ಕನಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದಳು. "ನನ್ನ ಮಗ ನನಗೆ ಸಮಾಧಿ ಕಟ್ಟಿದಾನೆ ಬಂದು ನೋಡ್ರೋ! ಜೀವ ಇರುವಾಗ್ಲೇ ಕಟ್ಟಿದಾನೆ!"

ದೊಡ್ಡಪ್ಪ ಮೆಟ್ಟಿಲಿಗೆ ಅಡ್ಡಲಾಗಿ ಇಟ್ಟಿಗೆಯ ಗೋಡೆ ಎಬ್ಬಿಸಿದ್ದ. ಗಾರೆ ಇನ್ನೂ ಹಸಿಯಾಗಿತ್ತು. ಅಪ್ಪ ಅದರ ಮುಂದೆ ಚೀಲ ಹಿಡಿದು ನಿಂತ. ಒಂದು ಒದೆ ಕೊಟ್ಟಿದ್ದರೆ ಬೀಳುತ್ತಿತ್ತು ಎಂದು ಬೀದಿಯವರು ಆಮೇಲೆ ವರ್ಷಗಟ್ಟಲೆ ಹೇಳಿದರು. ಹೇಳಿದವರಲ್ಲಿ ಒಬ್ಬನೂ ಆ ದಿನ ಒದೆಯಲು ಮುಂದೆ ಬರಲಿಲ್ಲ. ಎದುರು ಮನೆಯ ಪೇಂಟರ್ ಮಾತ್ರ ತನ್ನ ಬಿದಿರಿನ ಏಣಿ ತಂದು ಬಾಲ್ಕನಿಗೆ ಒರಗಿಸಿದ. "ಸದ್ಯಕ್ಕೆ ಹತ್ತಿ, ಆಮೇಲೆ ನೋಡ್ಕೊಳ್ಳೋಣ" ಎಂದ.

ಆ ಸದ್ಯ ಮುಗಿಯಲೇ ಇಲ್ಲ. ಅಪ್ಪ ವಕೀಲನನ್ನು ನೋಡಿ ಬಂದ. ಕೇಸು ಮುಗಿಯುವಷ್ಟರಲ್ಲಿ ನನ್ನ ಮದುವೆಯಾಗಿ ಮಕ್ಕಳಾಗುತ್ತವೆ ಎಂದನಂತೆ ಅವನು. ಅಪ್ಪ ಬಡಗಿಯಿಂದ ಅಗಲವಾದ ಒಂದು ಮರದ ಏಣಿ ಮಾಡಿಸಿ ಬಾಲ್ಕನಿಗೆ ಹಗ್ಗದಿಂದ ಬಿಗಿದ. ಅದೇ ನಮ್ಮ ಮೆಟ್ಟಿಲು, ಅದೇ ನಮ್ಮ ಬಾಗಿಲು. ನೀರನ್ನು ಅದರ ಮೇಲೆಯೇ ಹೊತ್ತೆವು. ಗಿರಾಕಿಗಳು ಹತ್ತಲು ಹೆದರಿದ್ದರಿಂದ ಅಪ್ಪನೇ ಟೇಪು ಕೊರಳಿಗೆ ಹಾಕಿಕೊಂಡು ಇಳಿದು ಬಂದು, ಅಣ್ಣನ ಪ್ರೆಸ್ಸಿನ ಮುಂದೆಯೇ, ನಡುಬೀದಿಯಲ್ಲಿ ಅವರ ಸೊಂಟದ ಅಳತೆ ತೆಗೆದುಕೊಳ್ಳುತ್ತಿದ್ದ. ಬಟ್ಟೆ ಬುಟ್ಟಿಯಲ್ಲಿ ಮೇಲೆ ಹೋಗುತ್ತಿತ್ತು. ಹೆಂಗಸರು ಬರುವುದನ್ನು ಬಿಟ್ಟರು.

ಶಾಲೆಯಲ್ಲಿ ನನಗೆ 'ಏಣಿ' ಎಂದು ಹೆಸರಾಯಿತು. ಹೆಸರಿಟ್ಟವಳು ಅಕ್ಕ. ನಾನು ಸ್ವಲ್ಪ ಬೆಳೆದ ಮೇಲೆ ಇನ್ನೊಂದು ಶುರುವಾಯಿತು. ನಾನು ಮನೆಗೆ ಬರುವ ಹೊತ್ತಿಗೆ ಬೀದಿಯ ಹುಡುಗರು, ಕೆಲವು ಗಂಡಸರೂ, ಏಣಿಯ ಬುಡದಲ್ಲಿ ಏನೋ ಕೆಲಸವಿದ್ದವರ ಹಾಗೆ ಬಂದು ನಿಲ್ಲುತ್ತಿದ್ದರು. ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಅಪ್ಪನೇ ಒಂದು ದಿನ ಬಾಲ್ಕನಿಯಿಂದ ನೋಡಿದನೆಂದು ಕಾಣುತ್ತದೆ. ಏನೂ ಕೇಳದೆ ನನ್ನ ಎಲ್ಲ ಲಂಗಗಳ ಒಳಗೂ ಮೊಣಕಾಲು ಮುಚ್ಚುವ ಚಡ್ಡಿ ಹೊಲಿದು ಜೋಡಿಸಿಟ್ಟ. ಹೊಲಿಯುವಾಗ ಮಿಷಿನ್ನನ್ನು ಎಷ್ಟು ಜೋರಾಗಿ ತುಳಿದನೆಂದರೆ ಸೂಜಿ ಮುರಿದು ಹಾರಿತು. ನಾವೆಲ್ಲ ಒಂದೇ ಕುಟುಂಬದ ಹಾಗಿದ್ದೆವು ಎಂದು ಬೀದಿಯವರು ಹೇಳಿದಾಗ ನನಗೆ ಆ ಗಂಡಸರ ಎತ್ತಿದ ಮುಖಗಳು ನೆನಪಾಗುತ್ತವೆ.

ಅಜ್ಜಿ ಗೋಡೆ ಎದ್ದ ಮೇಲೆ ಒಮ್ಮೆಯೂ ಕೆಳಗಿಳಿಯಲಿಲ್ಲ. ಬೆಳಗ್ಗೆ ದೊಡ್ಡಪ್ಪ ಪ್ರೆಸ್ಸಿನ ಬಾಗಿಲು ತೆರೆಯುವುದಕ್ಕೂ ಅವಳು ಬಾಲ್ಕನಿಗೆ ಬರುವುದಕ್ಕೂ ಸರಿಹೋಗುತ್ತಿತ್ತು. ಅವನ ಹುಟ್ಟಿನಿಂದ ಹಿಡಿದು ಹೆಂಡತಿಯ ಮೂಗಿನ ತನಕ ಒಂದನ್ನೂ ಬಿಡದೆ ಬೈಯುತ್ತಿದ್ದಳು. ಬೀದಿಯವರು ಕಾಫಿ ಲೋಟ ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು. ಹೊಸ ಬೈಗುಳ ಬಂದ ದಿನ ಅದು ಮಧ್ಯಾಹ್ನದೊಳಗೆ ಮಕ್ಕಳ ಬಾಯಲ್ಲಿರುತ್ತಿತ್ತು. ದೊಡ್ಡಪ್ಪ ತಿರುಗಿ ಮಾತಾಡುತ್ತಿರಲಿಲ್ಲ. ಅವಳು ಮಧ್ಯಾಹ್ನ ಮಲಗುವ ಹೊತ್ತು ನೋಡಿಕೊಂಡು ಮಿಷಿನ್ ಓಡಿಸುತ್ತಿದ್ದ. ನೆಲ ಅದುರಿ ಅವಳ ಮಂಚ ಜರುಗುತ್ತಿತ್ತು.

ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಒಂದು ಬೆಳಗ್ಗೆ ಬೈಗುಳ ಕೇಳಲಿಲ್ಲ. ಅಜ್ಜಿಯ ಎಡಗಡೆ ಪೂರ್ತಿ ಬಿದ್ದುಹೋಗಿತ್ತು. ಬಾಯಿ ಸೊಟ್ಟಗಾಗಿತ್ತು. ಡಾಕ್ಟರು ಏಣಿ ಹತ್ತಿ ಬಂದು ನೋಡಿ, ಕೂಡಲೇ ಆಸ್ಪತ್ರೆಗೆ ಸೇರಿಸಿ ಎಂದರು. ಅಪ್ಪ ಇಳಿದು ಪ್ರೆಸ್ಸಿನ ಮುಂದೆ ನಿಂತ. ಹಿಂದೆಯೇ ನಾನೂ ಇಳಿದಿದ್ದೆ.

"ಅಣ್ಣ, ಅಮ್ಮನ್ನ ಕೆಳಗೆ ತರಬೇಕು. ಆ ಗೋಡೆ ಒಡೀಬೇಕು."

ದೊಡ್ಡಪ್ಪ ಚಿಂದಿ ಬಟ್ಟೆಯಲ್ಲಿ ಕೈಯ ಮಸಿ ಒರೆಸಿಕೊಳ್ಳುತ್ತಿದ್ದ. "ಅವಳೇ ಕೇಳಲಿ. ಇಷ್ಟು ವರ್ಷ ಊರಿಗೆಲ್ಲ ಕೇಳೋ ಹಾಗೆ ಬೈದಳಲ್ಲ, ಅದೇ ಬಾಯಲ್ಲಿ ಕೇಳಲಿ."

"ಬಾಯಿ ಸೊಟ್ಟಗಾಗಿದೆ. ಮಾತು ಹೊರಡ್ತಿಲ್ಲ."

"ಸೊಟ್ಟ ಬಾಯಲ್ಲೇ ಕೇಳಲಿ."

ಅಪ್ಪ ಒಂದು ಕ್ಷಣವೂ ನಿಲ್ಲಲಿಲ್ಲ. ಮೇಲೆ ಬಂದು ಅಜ್ಜಿಯ ಕಿವಿಯಲ್ಲಿ ಕೇಳಿದ. ಅವಳು ಬಲಗೈ ಎತ್ತಿ ಬೇಡ ಬೇಡ ಎಂದು ಆಡಿಸಿದಳು. ಆ ಕೈಯಲ್ಲಿ ಇನ್ನೂ ಅಷ್ಟು ಬಲವಿತ್ತು.

ಕೊನೆಗೆ ಅಪ್ಪನ ಹೊಲಿಗೆಯ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಬೆಡ್‌ಶೀಟು ಸುತ್ತಿ ಕಟ್ಟಿ, ಪೇಂಟರನ ಹಗ್ಗಗಳಿಂದ ಬಾಲ್ಕನಿಯ ಆಚೆಗೆ ಇಳಿಬಿಟ್ಟರು. ಮೇಲೆ ಅಪ್ಪ, ಬಡಗಿ, ಪೇಂಟರ್ ಹಗ್ಗ ಹಿಡಿದಿದ್ದರು. ಬೀದಿ ಜಾತ್ರೆಯಾಗಿತ್ತು. ಚಿಕ್ಕ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದರು. ಅರ್ಧ ದಾರಿಯಲ್ಲಿ ಬಡಗಿ ಹಿಡಿತ ಬದಲಿಸಲು ನಿಂತ. ಕುರ್ಚಿ ಸರಿಯಾಗಿ ಕೆಳಗಿನ ಮನೆಯ ಕಿಟಕಿಯ ಎದುರಿಗೆ ತೂಗಿತು. ಸರಳಿನ ಹಿಂದೆ ದೊಡ್ಡಪ್ಪ, ದೊಡ್ಡಮ್ಮ, ಅಕ್ಕ ಮೂವರೂ ನಿಂತಿದ್ದರು.

ಎಲ್ಲರೂ ಬೈಗುಳಕ್ಕೆ ಕಾದರು. ಅಜ್ಜಿ ಮುಖ ತಿರುಗಿಸಿ ಕಿಟಕಿಯೊಳಕ್ಕೆ ಉಗಿಯಲು ನೋಡಿದಳು. ಸೊಟ್ಟ ಬಾಯಿ ಅವಳ ಮಾತು ಕೇಳಲಿಲ್ಲ. ಎಂಜಲು ಅವಳ ಗದ್ದದ ಮೇಲೆಯೇ ಹರಿಯಿತು. ಜನರ ನಡುವೆ ಯಾರೋ ಕಿಸಕ್ಕನೆ ನಕ್ಕರು. ದೊಡ್ಡಮ್ಮ ಕಿಟಕಿ ಮುಚ್ಚಿದಳು.

ಆಸ್ಪತ್ರೆಯಲ್ಲಿ ಅಜ್ಜಿ ಕೆಲವು ದಿನ ಬದುಕಿದಳು. ಮಾತು ತೊದಲುತ್ತ ಸ್ವಲ್ಪ ವಾಪಸು ಬಂತು. ನಾನು ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತಿರುತ್ತಿದ್ದೆ. ಮೊದಲು ಅವಳೇನು ಹೇಳುತ್ತಿದ್ದಾಳೆಂದು ಗೊತ್ತಾಗಲಿಲ್ಲ. ಬಗ್ಗಿ ಕೇಳಿದಾಗ ತಿಳಿಯಿತು.

"ದೊಡ್ಡೋನು ಉಂಡ್ನಾ? ಕರೀರಿ ಅವನ್ನ."

ಬೆಳಗ್ಗೆ, ಸಂಜೆ, ಅದೇ ಮಾತು. ಅಮ್ಮ ಅಪ್ಪನನ್ನು ಹೊರಗೆ ಕರೆದು, "ಒಂದು ಮಾತು ಹೇಳಿ ಕಳಿಸ್ರೀ. ಹೆತ್ತ ಕರುಳು" ಎಂದಳು.

"ಆಸ್ಪತ್ರೆ ಎಲ್ಲಿದೆ ಅಂತ ಬೀದಿಗೆಲ್ಲ ಗೊತ್ತು. ಅವನಿಗೇನು ಕಣ್ಣಿಲ್ವಾ?" ಅಪ್ಪ ಹೇಳಿ ಕಳಿಸಲಿಲ್ಲ. ದೊಡ್ಡಪ್ಪ ತಾನಾಗಿ ಬರಲೂ ಇಲ್ಲ. ಅಜ್ಜಿ ಕೇಳುತ್ತ ಕೇಳುತ್ತಲೇ ಹೋದಳು.

ನಾವು ಮತ್ತೆ ಆ ಏಣಿ ಹತ್ತಲಿಲ್ಲ. ಊರಿನ ಇನ್ನೊಂದು ತುದಿಯಲ್ಲಿ ಅಪ್ಪ ನೆಲಮಟ್ಟದ ಮನೆ ಬಾಡಿಗೆಗೆ ಹಿಡಿದು ಅಂಗಡಿಯನ್ನೂ ಅಲ್ಲೇ ಇಟ್ಟ. ಗಿರಾಕಿಗಳು ನೇರವಾಗಿ ಒಳಗೆ ನಡೆದು ಬರುವುದನ್ನು ಕಂಡು ಅಮ್ಮ ಮೊದಲ ಕೆಲವು ದಿನ ಸುಮ್ಮಸುಮ್ಮನೆ ಬಾಗಿಲಲ್ಲಿ ನಿಂತಿರುತ್ತಿದ್ದಳು.

ಒಂದು ವರ್ಷ ಕಳೆದಿರಬಹುದು. ಒಂದು ಮಧ್ಯಾಹ್ನ ದೊಡ್ಡಪ್ಪ ಬಂದ. ಮೈ ಇಳಿದುಹೋಗಿತ್ತು. ಅಪ್ಪ ಕೋಟಿನ ಬಟ್ಟೆ ಕತ್ತರಿಸುತ್ತಿದ್ದ, ತಲೆ ಎತ್ತಲಿಲ್ಲ. ಕೂರು ಎನ್ನಲಿಲ್ಲ. ದೊಡ್ಡಪ್ಪ ನಿಂತೇ ಇದ್ದ.

"ಒಂದು ಕೇಳ್ಬೇಕಿತ್ತು ಕಣೋ. ಅಮ್ಮ... ಕೊನೇಲಿ ನನ್ನ ಬಗ್ಗೆ ಏನಾದ್ರೂ ಅಂದ್ಲಾ?"

ಕತ್ತರಿ ನಿಂತಿತು. ಒಳಬಾಗಿಲಲ್ಲಿ ಅಮ್ಮ, ಅವಳ ಹಿಂದೆ ನಾನು. ಅಪ್ಪ ಈಗ ತಲೆ ಎತ್ತಿ ಅಣ್ಣನ ಮುಖವನ್ನು ನೆಟ್ಟಗೆ ನೋಡಿದ.

"ಏನೂ ಅನ್ನಲಿಲ್ಲ."

"ಬೈಲೂ ಇಲ್ವಾ?"

"ನಿನ್ನ ಹೆಸರೇ ಎತ್ತಲಿಲ್ಲ."

ದೊಡ್ಡಪ್ಪ ಹೂಂ ಎಂದ. ಚಪ್ಪಲಿ ಹುಡುಕಿದ, ಕಾಲಲ್ಲೇ ಇತ್ತು. ಹೊರಟುಹೋದ. ಅವನು ಬೀದಿ ದಾಟುವ ತನಕ ಅಮ್ಮ ತಡೆದುಕೊಂಡಿದ್ದಳು.

"ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಅವನು ಅವತ್ತು ಗೋಡೆ ಒಡೆದಿದ್ರೆ ಅವನ ಗಂಟೇನು ಹೋಗ್ತಿತ್ತು?" ಅಪ್ಪ ಮತ್ತೆ ಕತ್ತರಿ ಹಿಡಿದ. ಗೆರೆ ತಪ್ಪಿ ಆ ಕೋಟಿನ ಬಟ್ಟೆ ಹಾಳಾಯಿತು. ನನಗೆ ಅವತ್ತು ಅಪ್ಪನ ಮೇಲೆ ಹುಟ್ಟಿದ ಹೆಮ್ಮೆ ಆಮೇಲೆ ಯಾವತ್ತೂ ಹುಟ್ಟಲಿಲ್ಲ.

ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಉಳಿದವರು ನಾನು ಮತ್ತು ಅಕ್ಕ. ಕಳೆದ ತಿಂಗಳು ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಒಬ್ಬ ದಪ್ಪ ಮುದುಕಿ ಕೂತಿದ್ದಳು, ಜೊತೆಗೆ ಸೊಸೆ. ಮುದುಕಿ ನನ್ನನ್ನೇ ದಿಟ್ಟಿಸಿ, ಗುರುತು ಹಿಡಿದು, ಕೈ ಹಿಡಿದುಕೊಂಡಳು.

"ನೋಡಮ್ಮ, ಇವಳು ನನ್ನ ಚಿಕ್ಕಪ್ಪನ ಮಗಳು" ಎಂದು ಸೊಸೆಗೆ ಹೇಳಿದಳು. "ಒಂದೇ ಮನೇಲಿ ಬೆಳೆದವರು ನಾವು. ಎಂಥಾ ಕಾಲ ಅದು! ಅವರ ಮನೆಗೆ ಏಣಿ ಇತ್ತು ಗೊತ್ತಾ? ಮಜಾ ಇರ್ತಿತ್ತು. ಇಡೀ ಬೀದಿನೇ ಒಂದು ಮನೆ ಥರ."

ನಾನು ಕೈ ಬಿಡಿಸಿಕೊಂಡೆ. "ಅಕ್ಕ, ಅಜ್ಜಿ ಸಾಯೋವಾಗ ನಿಮ್ಮಪ್ಪನ್ನ ಕೇಳ್ತಾ ಇದ್ಲು. ದೊಡ್ಡೋನು ಉಂಡ್ನಾ, ಕರೀರಿ ಅವನ್ನ ಅಂತ. ದಿನಾ ಕೇಳ್ತಿದ್ಲು. ನಾನೇ ಪಕ್ಕದಲ್ಲಿದ್ದೆ."

ಅವಳು ಸೊಸೆಯನ್ನು ಬಿಟ್ಟು ನನ್ನ ಕಡೆಗೆ ತಿರುಗಿದಳು.

"ಅಪ್ಪ ಸಾಯೋ ತನಕ ಅದಕ್ಕೇ ಕೊರಗಿದ್ರು ಕಣೇ. ಬೈಲೂ ಇಲ್ವಂತೆ, ಹೆಸರೇ ಎತ್ತಲಿಲ್ವಂತೆ ಅಂತ. ಕೊನೆಗೆ ಬುದ್ಧಿ ಕೆಟ್ಟು ನನ್ನನ್ನೇ ಅಮ್ಮ ಅಂತಿದ್ರು. ನೀನು ಇದನ್ನ ಬಚ್ಚಿಟ್ಕೊಂಡು ಕೂತಿದ್ದೆಯಾ? ಇಷ್ಟು ವರ್ಷ?"

"ಹೂಂ, ಕೂತಿದ್ದೆ."

"ಮತ್ತೆ ಈಗ್ಯಾಕೆ ಹೇಳ್ದೆ?"

"ನೀನು ಮಜಾ ಇರ್ತಿತ್ತು ಅಂದ್ಯಲ್ಲ, ಅದಕ್ಕೆ."

"ನೀನು ಮನುಷ್ಯಳಾ?"

"ನಿಮ್ಮ ಮನೆಯವಳೇ ಅಲ್ವಾ ಅಕ್ಕ? ಒಂದೇ ಮನೆ ಅಂತ ಈಗ ತಾನೇ ಹೇಳ್ದೆ."

ಸೊಸೆ ಏನೂ ಅರ್ಥವಾಗದೆ ಇಬ್ಬರ ಮುಖವನ್ನೂ ನೋಡಿದಳು. ಅಕ್ಕ ಅವಳ ಭುಜ ಹಿಡಿದು ಎದ್ದು, ದೂರದ ಇನ್ನೊಂದು ಬೆಂಚಿಗೆ ಹೋಗಿ, ನನಗೆ ಬೆನ್ನು ಮಾಡಿ ಕೂತಳು. ಅಷ್ಟರಲ್ಲಿ ನರ್ಸು ನನ್ನನ್ನು ಒಳಗೆ ಕರೆದಳು. ಡಾಕ್ಟರು ಗದ್ದ ಇಲ್ಲಿಡಿ, ಅಲುಗಾಡಬೇಡಿ ಎಂದರು. ಎರಡು ಸಲ ಹೇಳಿಸಿಕೊಂಡೆ. ಹೊರಗೆ ಬಂದಾಗ ಅಕ್ಕ ಇನ್ನೂ ಅಲ್ಲೇ ಇದ್ದಳು, ಬೆನ್ನು ಅದುರುತ್ತಿತ್ತು. ನಾನು ಮಾತಾಡಿಸದೆ ಆಟೋ ಹಿಡಿದು ಮನೆಗೆ ಬಂದೆ.